ಬೇಲಿಯ ಹಣ್ಣನ್ನು ಜಾಡಿಗೆ ತುಂಬುವ ಬಗೆ

ಆರಿದ್ರಾ ಮಳೆಯ ನಾಲ್ಕು ಹನಿ ಬಿದ್ದ ಮೇಲೆ ಕಲ್ಯಾಣದುರ್ಗದ ಕಡೆಯ ಕುರಿಗಾಹಿ ಹುಡುಗರ ನಾಲಗೆ ನೋಡಿದರೆ ಸಾಕು, ಗುಡ್ಡದಲ್ಲಿ ಕವಳಿ ಹಣ್ಣಾಗಿದೆಯೆಂದು ತಿಳಿಯುತ್ತದೆ. ಶಾಲೆಗೆ ಬರುವ ಮಕ್ಕಳ ಜೇಬೆಲ್ಲ ನೇರಳೆಯ ಕಲೆ. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಶೇಂಗಾ ಕೈಕೊಡುವ ವರ್ಷವೂ ಮುಳ್ಳುಕಂಟಿಯ ಈ ಹಣ್ಣುಗಳು ಅಷ್ಟಿಷ್ಟು ಬಿಡುತ್ತವೆ. ಉತ್ತವರಿಲ್ಲ, ಬಿತ್ತಿದವರಿಲ್ಲ. ಆದರೆ ಹದಿನೈದು ದಿನದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ತಿಂದಷ್ಟು ತಿಂದು, ಉಳಿದುದು ನೆಲದ ಪಾಲು.

ನಾವು ಕವಳಿ ಎನ್ನುವುದನ್ನು ನೆರೆಯ ತೆಲುಗರು ಕಲಿವಿ ಎನ್ನುತ್ತಾರೆ. ಅದರ ದೊಡ್ಡ ಜಾತಿ ಅವರಿಗೆ ವಾಕ್ಕಾಯಿ, ನಮಗೆ ಕರಂಡೆ. ನಮ್ಮ ಎಲಚಿ ಅವರ ರೇಗು, ನಮ್ಮ ನೇರಳೆ ಅವರ ನೇರೇಡು. ಸಂಕ್ರಾಂತಿಯ ಹೊತ್ತಿಗೆ ಮಕ್ಕಳ ತಲೆಯ ಮೇಲೆ ಎಲಚಿ ಎರೆಯುವ ಪದ್ಧತಿ ಮಾತ್ರ ಎರಡು ಭಾಷೆಯವರಿಗೂ ಒಂದೇ. ಹಿಂದೂಪುರದ ಸಂತೆಗೆ ಹುಣಸೆ, ಬೆಲ್ಲ ಹೊತ್ತುಕೊಂಡು ಹೋಗುವ ನಾವು ಈ ಹಣ್ಣುಗಳನ್ನೂ ಕೆಡದಂತೆ ಕಟ್ಟಿಡುವುದನ್ನು ಕಲಿತರೆ ಮನೆಯ ಹೆಂಗಸರ ಕೈಗೆ ನಾಲ್ಕು ಕಾಸು ಸೇರೀತು. ಆದರೆ ಅರ್ಧ ಕಲಿತರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನೇ ನೇರಳೆಯ ಷರಬತ್ತು ಮಾಡಿದ್ದೆ. ಸಕ್ಕರೆಯ ಖರ್ಚು ಉಳಿಸಬೇಕೆಂದು ಒಂದು ಲೀಟರ್ ರಸಕ್ಕೆ ಅರ್ಧ ಕಿಲೋ ಮಾತ್ರ ಹಾಕಿ, ಕುದಿಸಿ, ಆರಿದ ಮೇಲೆ ಸೀಸೆಗೆ ತುಂಬಿ, ಬಿರಡೆಯನ್ನು ಬಲವಾಗಿ ಜಡಿದು ಅಟ್ಟದ ಮೇಲಿಟ್ಟೆ. ಒಂಬತ್ತನೆಯ ದಿನ ರಾತ್ರಿ ಬಂದೂಕು ಹಾರಿದಂತೆ ಸದ್ದಾಯಿತು. ಎರಡು ಸೀಸೆ ಒಡೆದಿದ್ದವು. ಗಾಜಿನ ಚೂರು ಮಗಳು ಮಲಗಿದ್ದ ಚಾಪೆಯ ಅಂಚಿನವರೆಗೂ ಬಿದ್ದಿತ್ತು. ದೇವರು ದೊಡ್ಡವನು, ಅವಳಿಗೆ ತಗಲಲಿಲ್ಲ. ತರಬೇತಿ ಪಡೆದ ಮೇಷ್ಟ್ರೆಂಬ ನನ್ನ ಹೆಮ್ಮೆಯೂ ಆ ರಾತ್ರಿ ಸೀಸೆಯ ಜೊತೆಗೇ ಒಡೆಯಿತು.

ಆದದ್ದು ಇಷ್ಟು. ಹಣ್ಣಿನ ಸಿಪ್ಪೆಯ ಮೇಲೆ, ಗಾಳಿಯಲ್ಲಿ, ಪಾತ್ರೆಯಲ್ಲಿ ಎಲ್ಲೆಲ್ಲೂ ಕಣ್ಣಿಗೆ ಕಾಣದ ಹುದುಗು ಜೀವಿಗಳಿವೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಜೀವಿಗಳ ಬಳಗವೇ ಇವು. ತೆಳುವಾದ ಸಿಹಿ ರಸ ಸಿಕ್ಕಿದರೆ ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ವಾಯುವನ್ನೂ ಬಿಡುತ್ತವೆ. ಆ ವಾಯುವಿಗೆ ಹೊರಗೆ ದಾರಿಯಿಲ್ಲದಿದ್ದರೆ ಸೀಸೆ ಸಿಡಿಯುತ್ತದೆ. ಕುದಿಸಿದ ರಸವನ್ನು ಆರಲು ಬಿಟ್ಟು, ಕುದಿಸದ ಸೀಸೆಗೆ ತುಂಬಿದ್ದರಿಂದ ಅವು ಮತ್ತೆ ಒಳಸೇರಿದವು. ಸಕ್ಕರೆ ಸಾಕಷ್ಟಿದ್ದರೆ ಅವುಗಳ ಆಟ ನಡೆಯದು. ರಸದ ಒಟ್ಟು ತೂಕದಲ್ಲಿ ನೂರಕ್ಕೆ ೬೫ ಭಾಗ ಸಕ್ಕರೆಯಾದರೆ ಆ ಜೀವಿಗಳ ಮೈಯ ನೀರನ್ನೇ ಸಕ್ಕರೆ ಹೀರಿಬಿಡುತ್ತದೆ. ನಾನು ಹಾಕಿದ ಲೆಕ್ಕಕ್ಕೆ ನೂರಕ್ಕೆ ೪೦ರ ಆಸುಪಾಸು ಮಾತ್ರ ಬಂದಿತ್ತು.

ಈಗ ಸರಿಯಾದ ಲೆಕ್ಕ. ಹಣ್ಣನ್ನು ತೊಳೆದು, ಕೈಯಿಂದ ಹಿಸುಕಿ, ಮುಳುಗದಷ್ಟು ಕೊಂಚ ನೀರು ಹಾಕಿ ಬಿಸಿ ಮಾಡಬೇಕು. ಕುದಿ ಬರುವ ಮುನ್ನವೇ ಇಳಿಸಿ ಬಟ್ಟೆಯಲ್ಲಿ ಸೋಸಿದರೆ ಸಿಪ್ಪೆಯ ಬಣ್ಣವೆಲ್ಲ ಬರುತ್ತದೆ. ಒಂದು ಲೀಟರ್ ರಸಕ್ಕೆ ಒಂದೂವರೆ ಕಿಲೋ ಸಕ್ಕರೆ, ಎರಡು ನಿಂಬೆಹಣ್ಣಿನ ರಸ. ಸಕ್ಕರೆ ಕರಗಿ ಒಂದು ಕುದಿ ಬಂದ ಕೂಡಲೇ, ನೀರಿನಲ್ಲಿ ಕಾಲು ಗಂಟೆ ಕುದಿಸಿಟ್ಟ ಬಿಸಿ ಸೀಸೆಗೆ ಬಿಸಿಯಾಗಿಯೇ ತುಂಬಿ ಮುಚ್ಚಬೇಕು. ತಣ್ಣನೆಯ ಸೀಸೆಗೆ ಬಿಸಿ ರಸ ಹೊಯ್ದರೆ ಗಾಜು ಬಿರಿಯುತ್ತದೆ, ಎಚ್ಚರ. ನೇರಳೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಮಾತನ್ನು ನಂಬಿ ಆ ರೋಗವಿರುವವರು ಈ ಷರಬತ್ತು ಕುಡಿಯಬಾರದು. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ.

ಸೀಸೆ ಒಡೆದ ಮರುದಿನ ಪಕ್ಕದ ಹೊಲದವರೊಬ್ಬರು ಬಂದು, "ಮೇಷ್ಟ್ರೇ, ಹೆಂಗೂ ಹುಳಿ ಬಂದೈತೆ. ಮಡಕೆ ಕಟ್ಟಿ ಇಳಿಸಿಬಿಡಾನ, ವ್ಯರ್ಥ ಯಾಕೆ ಮಾಡ್ತೀರಿ?" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ, ಉತ್ತರವನ್ನಂತೂ ಹೇಳಬೇಕಾಯಿತು. ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು ಆಂಧ್ರದಲ್ಲಿಯೂ ಅಪರಾಧ, ಕರ್ನಾಟಕದಲ್ಲಿಯೂ ಅಪರಾಧ. ಈ ವಿಷಯದಲ್ಲಿ ನಮ್ಮ ಹಳ್ಳಿಗಳು ಕಂಡದ್ದು ಕಡಿಮೆಯಲ್ಲ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ೧೯೯೨ರಲ್ಲಿ ಸಾರಾಯಿಯ ವಿರುದ್ಧ ಎದ್ದುನಿಂತರು. ಅದು ಊರೂರಿಗೆ ಹಬ್ಬಿ ೧೯೯೩ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. ೧೯೯೫ರಲ್ಲಿ ಪೂರ್ಣ ಪಾನನಿಷೇಧ ಬಂದು, ೧೯೯೭ರಲ್ಲಿ ಸಡಿಲವಾಯಿತು. ಗಡಿಯಾಚೆ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು ೨೦೦೭ರಲ್ಲಿ.

ಕಾನೂನಿನ ಮಾತು ಹಾಗಿರಲಿ. ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಹುಳಿಯುವಾಗ ಅದರಿಂದ ಮೆಥನಾಲ್ ಎಂಬ ವಿಷ ಸ್ವಲ್ಪ ಸ್ವಲ್ಪ ಹುಟ್ಟುತ್ತದೆ. ಭಟ್ಟಿಯಲ್ಲಿ ಅದು ಒಟ್ಟುಗೂಡುತ್ತದೆ. ಅದನ್ನು ಮಡಕೆಯ ಬಾಯಲ್ಲಿ ಕುಳಿತು ಮೂಗಿನಿಂದ ಗುರುತಿಸುತ್ತೇನೆನ್ನುವವರ ಮಾತು ಸುಳ್ಳು. ಕಳ್ಳಬಟ್ಟಿಯವರು ಕಾರ್ಖಾನೆಯ ಮೆಥನಾಲನ್ನೇ ಬೆರೆಸಿದಾಗ ಕಣ್ಣು ಹೋದವರ, ಪ್ರಾಣ ಹೋದವರ ಸುದ್ದಿಯನ್ನು ಎಲ್ಲರೂ ಕೇಳಿದ್ದೇವೆ.

ಬೆಂಗಳೂರಿನಿಂದ ಬಂದ ನಂಟರು ಇನ್ನೊಂದು ಬಗೆ ಕೇಳಿದರು: ಅಂಗಡಿಯ ಮದ್ಯದಲ್ಲಿ ಕವಳಿ ನೆನೆಹಾಕಬಹುದಲ್ಲವೇ ಎಂದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇಲಿಯ ಸ್ಲೋ ಎಂಬ ಕಹಿ-ಒಗರು ಹಣ್ಣನ್ನು ಸಕ್ಕರೆಯೊಡನೆ ಜಿನ್ನಿನಲ್ಲಿ ಮೂರು ತಿಂಗಳು ಇಡುವುದು ಹಳೆಯ ರೂಢಿ. ಅಲ್ಲಿ ಮದ್ಯವೇ ಕೆಡದಂತೆ ಕಾಯುತ್ತದೆ, ಹಣ್ಣು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತದೆ. ಹಣ್ಣು ಹೆಚ್ಚಾದರೆ ಅದರ ನೀರಿನಿಂದ ಮದ್ಯ ತೆಳುವಾಗಿ ಅದೂ ಕೆಡುತ್ತದೆ. ತತ್ತ್ವ ಸರಿ. ಆದರೆ ನಮ್ಮ ಮನೆಗಳಲ್ಲಿ ಅಟ್ಟ ಮಕ್ಕಳ ಕೈಗೆ ಎಟಕುತ್ತದೆ, ಕೆಂಪು ನೀರೆಲ್ಲ ಅವರಿಗೆ ಷರಬತ್ತೇ. ನಾನಂತೂ ಒಲ್ಲೆನೆಂದೆ.

ಉಳಿದ ರಸವನ್ನು ಚೆಲ್ಲಲಿಲ್ಲ. ಒಂದು ಪಾಲು ರಸಕ್ಕೆ ಎರಡು ಪಾಲು ಕುದಿಸಿ ಆರಿಸಿದ ನೀರು ಬೆರೆಸಿ, ಅಗಲ ಬಾಯಿಯ ಪಿಂಗಾಣಿ ಜಾಡಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಇಟ್ಟೆ. ಗಾಳಿ ತಗಲುತ್ತಿದ್ದರೆ ಮದ್ಯಸಾರವು ತಾನಾಗಿಯೇ ಹುಳಿಗೆ ತಿರುಗುತ್ತದೆ. ಮೂರು ತಿಂಗಳಿಗೆ ಒಳ್ಳೆಯ ವಿನಿಗರ್ ಆಯಿತು. ಉತ್ತರ ಹಿಂದೂಸ್ಥಾನದವರು ಮಾಡುವ ನೇರಳೆಯ ಸಿರ್ಕಾ ಇದೇ. ಈರುಳ್ಳಿ ನೆನೆಸಲು ಬಲು ರುಚಿ.

ಇನ್ನು ಕವಳಿ. ನನ್ನ ಮಟ್ಟಿಗೆ ನಮ್ಮ ಗುಡ್ಡಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಹಣ್ಣಿಲ್ಲ. ಹುಳಿಯೂ ಪೆಕ್ಟಿನ್ನೂ ತುಂಬಿಕೊಂಡಿರುವುದರಿಂದ ಜೆಲ್ಲಿ ತಾನೇ ಗಟ್ಟಿಯಾಗುತ್ತದೆ. ಕೆಂಪಾದ ಹಣ್ಣು ಮೂರು ಪಾಲು, ದೋರೆಗಾಯಿ ಒಂದು ಪಾಲು ಸೇರಿಸಬೇಕು. ಪೂರ್ತಿ ಕಪ್ಪಾದುದರಲ್ಲಿ ಪೆಕ್ಟಿನ್ ಕಡಿಮೆ. ಒಂದು ಕಿಲೋಗೆ ಒಂದು ಲೀಟರ್ ನೀರು ಹಾಕಿ ಇಪ್ಪತ್ತೈದು ನಿಮಿಷ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಹಿಂಡಿದರೆ ಜೆಲ್ಲಿ ಕದಡುತ್ತದೆ, ಆತುರಪಡಬೇಡಿ. ಇಳಿದ ರಸದಲ್ಲಿ ಒಂದು ಚಮಚ ಆರಿಸಿ, ಔಷಧದ ಅಂಗಡಿಯ ಸ್ಪಿರಿಟ್ ಎರಡು ಚಮಚ ಬೆರೆಸಿ ನೋಡಿ. ಒಂದೇ ಗಡ್ಡೆಯಾದರೆ ರಸದಷ್ಟೇ ಸಕ್ಕರೆ, ಎರಡು ಮೂರು ತುಂಡಾದರೆ ಮುಕ್ಕಾಲು, ಚೂರುಚೂರಾದರೆ ಇನ್ನಷ್ಟು ದೋರೆಗಾಯಿ ಬೇಯಿಸಿ ಸೇರಿಸಿರಿ. ಪರೀಕ್ಷೆಯ ಬಟ್ಟಲನ್ನು ಕೂಡಲೇ ಚೆಲ್ಲಿ ತೊಳೆಯಬೇಕು; ಆ ಸ್ಪಿರಿಟ್ ವಿಷ. ಹಣ್ಣಿನ ಕೆಲಸದಲ್ಲಿ ನಮಗೆ ಸ್ಪಿರಿಟ್ಟಿನ ಅಗತ್ಯ ಇಷ್ಟೇ.

ಸಕ್ಕರೆ ಹಾಕಿದ ಮೇಲೆ ದೊಡ್ಡ ಉರಿಯಲ್ಲಿ ಬೇಗ ಕುದಿಸಿರಿ. ಸೌಟಿನಿಂದ ಎತ್ತಿ ಓರೆ ಮಾಡಿದಾಗ ಹನಿಹನಿಯಾಗಿ ಬೀಳದೆ ಹಾಳೆಯಂತೆ ಕೂಡಿ ಜಾರಿದರೆ ಹದ ಬಂತೆಂದು ತಿಳಿಯಿರಿ. ಉಷ್ಣಮಾಪಕವಿದ್ದವರು ೧೦೫ ಡಿಗ್ರಿ ಸೆಂಟಿಗ್ರೇಡ್ ನೋಡಬಹುದು. ಹದ ಮೀರಿದರೆ ಬಂಕೆಯಾಗುತ್ತದೆ. ಕವಳಿಯ ಹುಳಿಗೆ ಅಲ್ಯೂಮಿನಿಯಂ ಪಾತ್ರೆ ಬೇಡ. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯಂತೂ ಕಿಲುಬಿ ವಿಷವಾಗುತ್ತದೆ. ಸ್ಟೀಲಿನ ಪಾತ್ರೆ ಒಳ್ಳೆಯದು. ಸಕ್ಕರೆಗೆ ಬದಲು ಬೆಲ್ಲ ಹಾಕುವವರಿದ್ದಾರೆ. ರುಚಿ ಬೇರೆಯೇ, ಆದರೆ ಜೆಲ್ಲಿಯ ಬಣ್ಣ ಮಾಸುತ್ತದೆ, ಬೆಲ್ಲದ ಪಸೆಯಿಂದ ಬೇಗ ಬೂಸು ಹಿಡಿಯುತ್ತದೆ. ಬೆಲ್ಲವನ್ನು ಎಲಚಿಗೆ ಇಟ್ಟುಕೊಳ್ಳಿ.

ಕವಳಿಯ ಎಳೆಗಾಯಿ ಉಪ್ಪಿನಕಾಯಿಗೆ. ಸೀಳಿದರೆ ಬಿಳಿ ಹಾಲು ಸುರಿಯುತ್ತದೆ, ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು. ಕಿಲೋಗೆ ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಉಪ್ಪು. ಉಳಿದುದು ನಮ್ಮ ತಾಯಂದಿರಿಗೆ ನಾನು ಹೇಳಿಕೊಡಬೇಕಾದುದಲ್ಲ. ಇನ್ನೊಂದು ಮಾತು: ಕವಳಿ ಕಣಗಿಲೆಯ ಬಳಗದ ಗಿಡ, ಕಣಗಿಲೆ ಘೋರ ವಿಷ. ಲಂಟಾನದ ಹಸಿರು ಕಾಯಿ, ಗುಲಗಂಜಿಯ ಬೀಜ ಇವೂ ವಿಷವೇ. ಮಕ್ಕಳು ತಂದ ಬುಟ್ಟಿಯನ್ನು ಹಿರಿಯರು ಒಮ್ಮೆ ಹರಡಿ ನೋಡದೆ ಒಲೆಯ ಮೇಲೆ ಏರಿಸಬಾರದು.

ಎಲಚಿಯ ವಡೆಗೆ ಒಲೆಯೂ ಬೇಡ. ಪುಷ್ಯಮಾಸದ ಮಾಗಿದ ಹಣ್ಣು ಎರಡು ಕಿಲೋ, ಬೆಲ್ಲ ಒಂದು ಕಿಲೋ, ಒಂದು ಹಿಡಿ ಒಣಮೆಣಸಿನಕಾಯಿ, ಜೀರಿಗೆ, ಉಪ್ಪು. ಹುಳು ಬಿದ್ದುದನ್ನು ಆರಿಸಿ ಎಸೆದು, ಒರಳಿನಲ್ಲಿ ಬೀಜ ಪುಡಿಯಾಗದಂತೆ ಕುಟ್ಟಿ, ವಡೆ ತಟ್ಟಿ, ಬಟ್ಟೆಯ ಮೇಲೆ ನಾಲ್ಕು ದಿನ ಬಿಸಿಲಿಗೆ ಇಡಬೇಕು. ಬೆರಳಿಗೆ ಅಂಟದಂತಾದರೆ ಒಣಗಿತು. ಸಂಜೆ ಮಂಜು ಬೀಳುವ ಮೊದಲು ಒಳಗೆ ತರಬೇಕು. ಸರಿಯಾಗಿ ಒಣಗಿದ್ದು ಮುಂದಿನ ಸಂಕ್ರಾಂತಿಯವರೆಗೂ ಬಾಳುತ್ತದೆ.

ಮಾರುವ ಯೋಚನೆಯಿದ್ದವರು ಮೊದಲು ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಹೆಸರು ನೋಂದಾಯಿಸಿಕೊಳ್ಳಬೇಕು. ಮೈಸೂರಿನಲ್ಲಿ ೧೯೫೦ರಿಂದ ನಡೆಯುತ್ತಿರುವ ಕೇಂದ್ರೀಯ ಆಹಾರ ಸಂಶೋಧನಾಲಯದವರು ಹಣ್ಣು ಕಾಪಿಡುವ ವಿದ್ಯೆಯಲ್ಲಿ ತರಬೇತಿ ಕೊಡುತ್ತಾರೆ. ಮೊದಲ ವರ್ಷ ಐದು ಕಿಲೋಗಿಂತ ಹೆಚ್ಚು ಹಣ್ಣಿಗೆ ಕೈಹಾಕಬೇಡಿ. ತುಂಬಿದ ಪ್ರತಿ ಸೀಸೆಗೂ ತಾರೀಖು ಬರೆದ ಚೀಟಿ ಅಂಟಿಸಿ, ಮೊದಲ ತಿಂಗಳು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ಗುಳ್ಳೆ ಏಳುತ್ತಿದ್ದರೆ ಬಿರಡೆಗೆ ಬಟ್ಟೆ ಸುತ್ತಿ, ಮುಖವನ್ನು ಆಚೆ ತಿರುಗಿಸಿ, ಮೆಲ್ಲಗೆ ಸಡಿಲಿಸಿರಿ.