ಕಲಿಸಲು ಹೋಗುವವರು ಕಲಿಯಬೇಕಾದ ಪಾಠ



ಪ್ರತಿವರ್ಷ ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಾವು ದೂರದೇಶಗಳ ಧರ್ಮಸಭೆಗಾಗಿ ಪ್ರಾರ್ಥಿಸುತ್ತೇವೆ, ಕೈಲಾದಷ್ಟು ಕಾಣಿಕೆ ಕೊಡುತ್ತೇವೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಮ್ಮ ಬಾಳಿನ ಒಂದೆರಡು ವರ್ಷಗಳನ್ನೇ ಕಾಣಿಕೆಯಾಗಿ ಅರ್ಪಿಸುತ್ತಾರೆ. ಅವರು ಗುರುಗಳೂ ಅಲ್ಲ, ಕನ್ಯಾಸ್ತ್ರೀಯರೂ ಅಲ್ಲ. ನಮ್ಮನಿಮ್ಮಂತಹ ಶ್ರೀಸಾಮಾನ್ಯರು. ಪರದೇಶದ ಮಿಷನ್ ಶಾಲೆಯೊಂದರಲ್ಲಿ ಸಂಬಳವಿಲ್ಲದೆ ಪಾಠ ಹೇಳಲು ಹೋಗುವವರು. ಇದು ಶ್ರೀಸಾಮಾನ್ಯರಿಗೂ ಸೇರಿದ ಕೆಲಸವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ 'ಆದ್ ಜೆಂತೆಸ್' ಆಜ್ಞಾಪತ್ರದಲ್ಲಿ ತಿಳಿಸಿದೆ.

ನಾಳೆ ನಿಮ್ಮ ಮಗನೋ ಮಗಳೋ ಬಿ.ಎಡ್. ಮುಗಿಸಿ, "ಅಪ್ಪಾ, ನಾನೂ ಹೋಗಲೇ?" ಎಂದು ಕೇಳಿದರೆ ಏನು ಹೇಳುವಿರಿ? ಉತ್ತರ ಕೊಡುವ ಮೊದಲು ಅಲ್ಲಿನ ಬದುಕನ್ನು ತಿಳಿಯುವುದು ಒಳ್ಳೆಯದು. ಉದಾಹರಣೆಗೆ ಪೂರ್ವ ಆಫ್ರಿಕದ ಟಾಂಜಾನಿಯವನ್ನು ನೋಡೋಣ. 1868ರಲ್ಲಿ ಪವಿತ್ರಾತ್ಮ ಸಭೆಯ ಗುರುಗಳು ಅಲ್ಲಿನ ಕರಾವಳಿಯ ಬಗಾಮೊಯೊ ಎಂಬ ಊರಿನಲ್ಲಿ ನೆಲೆಸಿ, ಗುಲಾಮಗಿರಿಯಿಂದ ಬಿಡುಗಡೆಯಾದ ಮಕ್ಕಳಿಗೆ ಆಸರೆಯನ್ನೂ ವಿದ್ಯೆಯನ್ನೂ ಕೊಟ್ಟರು. ಅಂದಿನಿಂದ ಮಿಷನ್ ಶಾಲೆಯು ಆ ನಾಡಿನ ಬಾಳಿನಲ್ಲಿ ಬೆರೆತುಹೋಗಿದೆ.

ಗಡಿಯಾರವೇ ಬೇರೆ

ಅಲ್ಲಿ ಎಲ್ಲರೂ ಬಲ್ಲ ಭಾಷೆ ಸ್ವಾಹಿಲಿ. ಆ ಭಾಷೆಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ ಶುರುವಾಗುತ್ತದೆ. ನಮ್ಮ ಬೆಳಗಿನ ಏಳು ಅವರಿಗೆ 'ಸಾ ಮೋಜ', ಅಂದರೆ ಒಂದು ಗಂಟೆ. ನಮ್ಮ ಮಧ್ಯಾಹ್ನದ ಹನ್ನೆರಡು ಅವರಿಗೆ ಆರು. "ನಾಳೆ ಎರಡು ಗಂಟೆಗೆ ಸಭೆ" ಎಂದು ಯಾರಾದರೂ ಸ್ವಾಹಿಲಿಯಲ್ಲಿ ಹೇಳಿದರೆ ಬೆಳಿಗ್ಗೆ ಎಂಟಕ್ಕೆ ಹಾಜರಿರಬೇಕು. ಊಟ ಮುಗಿಸಿ ಮಧ್ಯಾಹ್ನ ಹೋದರೆ ಬೀಗ ಹಾಕಿದ ಬಾಗಿಲು ಸಿಗುತ್ತದೆ.

ಇದರಲ್ಲಿ ಒಂದು ಸೊಗಸಿದೆ. ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯನ್ನು (ಮತ್ತಾಯ 20:1-16) ನೆನಪಿಸಿಕೊಳ್ಳಿ. ಸಂಜೆ ಐದಕ್ಕೆ ಕೆಲಸಕ್ಕೆ ಬಂದವರನ್ನು ಮೂಲ ಗ್ರೀಕ್ ಪಾಠವು 'ಹನ್ನೊಂದನೆಯ ಗಂಟೆ'ಯವರು ಎನ್ನುತ್ತದೆ. ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕು. ಟಾಂಜಾನಿಯದ ಮಗುವಿಗೆ ವಿವರಣೆ ಬೇಕಿಲ್ಲ. ಅದರ ಮನೆಮಾತಿನಲ್ಲಿ ಸಂಜೆ ಐದು ಎಂದರೆ ಹನ್ನೊಂದೇ. ಕಲಿಸಲು ಹೋದವರಿಗಿಂತ ಶುಭಸಂದೇಶದ ಗಡಿಯಾರ ಆ ಮಗುವಿಗೇ ಹತ್ತಿರ!

ದಿನದ ನಡೆ

ಬೆಳಕು ಹರಿಯುತ್ತಿದ್ದಂತೆ ಮಕ್ಕಳು ಪೊರಕೆ ಹಿಡಿದು ಶಾಲೆಯ ಅಂಗಳ ಗುಡಿಸುತ್ತಾರೆ. ಆಮೇಲೆ ಸಾಲಾಗಿ ನಿಂತು ಪ್ರಾರ್ಥನೆ, ರಾಷ್ಟ್ರಗೀತೆ. ಚಿಕ್ಕವರು ಹಿರಿಯರಿಗೆ 'ಶಿಕಾಮೋ' ಎಂದು ವಂದಿಸುತ್ತಾರೆ. 'ನಿಮ್ಮ ಪಾದ ಹಿಡಿದೆ' ಎಂಬುದು ಆ ಮಾತಿನ ಮೂಲಾರ್ಥ. ಹಿರಿಯರು 'ಮರಹಬಾ' ಎಂದು ಅದನ್ನು ಸ್ವೀಕರಿಸಬೇಕು. ಹಿರಿಯರ ಕಾಲಿಗೆ ಬೀಳುವ ಮನೆಗಳಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ.

ಊಟಕ್ಕೆ 'ಉಗಾಲಿ', ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೊತೆಗೆ ಬೇಯಿಸಿದ ಕಾಳು ಅಥವಾ ಹರಿವೆ ಸೊಪ್ಪು. ರಾಗಿಮುದ್ದೆ ಉಂಡವರಿಗೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ. ಆದರೆ ಮುದ್ದೆಯನ್ನು ನುಂಗುವಂತಿಲ್ಲ, ಅಗಿಯಬೇಕು! ಎಪ್ಪತ್ತೆರಡು ಶಿಷ್ಯರನ್ನು ಕಳುಹಿಸುವಾಗ ಪ್ರಭುಯೇಸು, ಬಡಿಸಿದ್ದನ್ನು ಉಣ್ಣುವಂತೆ ಹೇಳಿದ್ದು (ಲೂಕ 10:8) ಸಣ್ಣ ಮಾತಲ್ಲ. ಉಂಡವರು ಮನೆಯವರಾಗುತ್ತಾರೆ. ಭಾಷೆಯಲ್ಲೂ ನೆಂಟಸ್ತಿಕೆಯುಂಟು. ಅಂಗಡಿಗೆ 'ದುಕ', ಔಷಧಿಗೆ 'ದವಾ', ಲೆಕ್ಕಕ್ಕೆ 'ಹೆಸಾಬು', ವಕೀಲನಿಗೆ 'ವಕೀಲಿ'.

ಎಷ್ಟೋ ಹಳ್ಳಿಗಳಲ್ಲಿ ನೀರು ಹೊತ್ತು ತರಬೇಕು, ಬಟ್ಟೆ ಕೈಯಲ್ಲೇ ಒಗೆಯಬೇಕು, ಸೊಳ್ಳೆಪರದೆಯಿಲ್ಲದೆ ಮಲಗಬಾರದು. ಸಂಜೆ ನೋಟ್‌ಬುಕ್ಕು ತಿದ್ದುವ ಕೆಲಸ. ಮನೆಯ ನೆನಪು ಬಹಳವಾಗಿ ಕಾಡುವುದೂ ಆಗಲೇ. ವಾರಕ್ಕೊಮ್ಮೆ ನೆರೆಮನೆಗಳವರು 'ಜುಮುಯಿಯ' ಎಂಬ ಕಿರು ಕ್ರೈಸ್ತ ಸಮುದಾಯವಾಗಿ ಸೇರಿ ಶುಭಸಂದೇಶ ಓದುತ್ತಾರೆ. ಒಂಟಿತನಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ತರಗತಿಯ ಮೌನ

ನಿಜವಾದ ಪರೀಕ್ಷೆ ತರಗತಿಯಲ್ಲಿದೆ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ನಡೆಯುವುದು ಸ್ವಾಹಿಲಿಯಲ್ಲಿ. ಪ್ರೌಢಶಾಲೆಗೆ ಬಂದೊಡನೆ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮಕ್ಕಳ ಪಾಡು ನಮಗೆ ಗೊತ್ತಲ್ಲವೇ? "ಅರ್ಥವಾಯಿತೇ?" ಎಂದರೆ ಎಲ್ಲರೂ "ಹೌದು" ಎನ್ನುತ್ತಾರೆ. ಪರೀಕ್ಷೆಯಲ್ಲಿ ನೋಡಿದರೆ ಹಾಳೆ ಖಾಲಿ. ಆ "ಹೌದು" ಗೌರವದ ಮಾತು, ಅರ್ಥವಾದದ್ದರ ಗುರುತಲ್ಲ. ಇದನ್ನು ತಿಳಿಯದ ಶಿಕ್ಷಕರು ಮಕ್ಕಳನ್ನು ದಡ್ಡರೆಂದು ತೀರ್ಮಾನಿಸುತ್ತಾರೆ. ಅಂಥ ತೀರ್ಮಾನದಿಂದ ಒಂದು ಮಗುವಿನ ಓದೇ ನಿಂತುಹೋಗಬಹುದು.

ದಾರಿ ಸರಳ. ಪ್ರತಿ ಹೊಸ ಪದವನ್ನು ಕರಿಹಲಗೆಯ ಮೇಲೆ ಬರೆದು, ಅದರ ಸ್ವಾಹಿಲಿ ಪದವನ್ನು ಮಕ್ಕಳಿಂದಲೇ ಕೇಳಿ ಪಕ್ಕದಲ್ಲಿ ಬರೆಯಬೇಕು. ಆಗ ಶಿಕ್ಷಕರೂ ಕಲಿಯುತ್ತಾರೆ, ಮಕ್ಕಳ ನಾಚಿಕೆಯೂ ಕರಗುತ್ತದೆ.

ಈ ಪಾಠವನ್ನು ನಮ್ಮ ನೆಲದಲ್ಲೇ ಕಂಡವರು ನಾವು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದು ಇಟಲಿಯಿಂದ ಬಂದ ಯೇಸುಸಭೆಯ ಗುರುಗಳು. ಅವರ ಸಂಗಡಿಗರಾದ ಫಾದರ್ ಆಂಜೆಲೊ ಮಾಫೈಯವರು ಜನರ ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು.

ಕೊಡುವ ಕೈಗೂ ವಿವೇಕ ಬೇಕು

ಫೀಸು ಕಟ್ಟಲಾಗದ ಮಗುವೊಂದು ಸಹಾಯ ಕೇಳಿದರೆ ಕರುಳು ಚುರುಕ್ ಎನ್ನುತ್ತದೆ. ಆದರೂ ಗುಟ್ಟಾಗಿ ಹಣ ಕೊಡಬಾರದು. ಒಬ್ಬರಿಗೆ ಸಿಕ್ಕಿದ್ದು ಉಳಿದವರ ಮನಸ್ಸನ್ನು ನೋಯಿಸುತ್ತದೆ, ಮಗುವಿನ ತಂದೆತಾಯಿಯ ಮರ್ಯಾದೆಯನ್ನೂ ಕುಗ್ಗಿಸುತ್ತದೆ. ಕೊಡುವುದಿದ್ದರೆ ಶಾಲೆಯ ಮೂಲಕವೇ ಕೊಡಬೇಕು. ಅನೇಕ ಶಾಲೆಗಳಲ್ಲಿ ಬೆತ್ತವಿದೆ. ಬಂದ ಮೊದಲ ವಾರವೇ ಅದರ ವಿರುದ್ಧ ಭಾಷಣ ಮಾಡಿದರೆ ಕೇಳುವವರಿರುವುದಿಲ್ಲ. ನಿಮ್ಮ ತರಗತಿಯಲ್ಲಿ ಬೆತ್ತ ಹಿಡಿಯದೆ ಪಾಠ ಮಾಡಿ ತೋರಿಸಿ, ಕೇಳಿದವರಿಗೆ ಕಾರಣ ಹೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, ನೀವು ಮರಳಿ ಬಂದ ಮೇಲೂ ಅಲ್ಲಿ ಉಳಿಯುವವರು ಆ ನಾಡಿನ ಶಿಕ್ಷಕರು. ಅವರನ್ನು ಹಿಂದಕ್ಕೆ ತಳ್ಳುವ ಸೇವೆ ಸೇವೆಯಲ್ಲ. ಅಲ್ಲಿ ಶಿಕ್ಷಕರಿಗೆ 'ಮ್ವಾಲಿಮು' ಎನ್ನುತ್ತಾರೆ. ತಬೋರ ಮತ್ತು ಪುಗು ಎಂಬ ಊರುಗಳ ಕಥೋಲಿಕ ಶಾಲೆಗಳಲ್ಲಿ ಪಾಠ ಹೇಳಿ, ಮುಂದೆ ರಾಷ್ಟ್ರಾಧ್ಯಕ್ಷರಾದ ಜೂಲಿಯಸ್ ನ್ಯೆರೆರೆಯವರನ್ನು ಜನ ಕೊನೆಯವರೆಗೂ ಕರೆದದ್ದು ಮ್ವಾಲಿಮು ಎಂದೇ. 1999ರಲ್ಲಿ ನಿಧನರಾದ ಅವರನ್ನು ಪುನೀತರ ಸಾಲಿಗೆ ಸೇರಿಸುವ ಪ್ರಕ್ರಿಯೆ 2005ರಲ್ಲಿ ಆರಂಭವಾಯಿತು. ಪರದೇಶದಿಂದ ಬಂದವರಿಗೂ ಜನ ಅದೇ ಹೆಸರು ಕೊಡುತ್ತಾರೆ. ಅದಕ್ಕೆ ತಕ್ಕಂತೆ ಬಾಳುವುದು ಅವರ ಹೊಣೆ.

ಹೋಗಲೇ ಎಂದು ಕೇಳಿದರೆ

ತಂದೆತಾಯಿಗಳೇ, ಬೇಡವೆಂದು ಕೂಡಲೇ ತಡೆಯಬೇಡಿ, ಹೊಗಳಿ ಅಟ್ಟಕ್ಕೇರಿಸಲೂ ಬೇಡಿ. ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಿ. ಕರೆಯುವ ಶಾಲೆ ಯಾರದು, ನಿಜಕ್ಕೂ ಯಾವ ವಿಷಯದ ಶಿಕ್ಷಕರು ಬೇಕಾಗಿದ್ದಾರೆ ಎಂದು ಪತ್ರ ಬರೆದು ತಿಳಿಯಿರಿ. ಪ್ರವಾಸದ ವೀಸಾದಲ್ಲಿ ಹೋಗಿ ಪಾಠ ಹೇಳುವಂತಿಲ್ಲ. ವಾಸದ ಪರವಾನಗಿ ಬೇಕು. ಮಲೇರಿಯ ಮತ್ತು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಒಂದು ಶಾಲಾವರ್ಷವಾದರೂ ಪೂರ್ತಿ ಇರುವ ಮನಸ್ಸಿರಲಿ. ಅರ್ಧದಲ್ಲಿ ಬಿಟ್ಟು ಬಂದರೆ ನಷ್ಟ ಮಕ್ಕಳಿಗೆ.

ದೇವರ ವಾಕ್ಯವು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿತು (ಯೊವಾನ್ನ 1:14). ಪ್ರಭುಯೇಸು ಉಪದೇಶಕ್ಕೆ ತೊಡಗುವ ಮೊದಲು ನಜರೇತಿನಲ್ಲಿ ವರ್ಷಗಟ್ಟಲೆ ಆ ಊರಿನ ಮಾತನ್ನೂ ಕೆಲಸವನ್ನೂ ಕಲಿತರು. ಕಲಿಸಲು ಹೋಗುವವರಿಗೆ ಇದಕ್ಕಿಂತ ಬೇರೆ ಮಾದರಿ ಬೇಕೇ?

ಮನೆಯಲ್ಲಿ ಚಿಂತಿಸಲು

1. ನಮ್ಮ ಧರ್ಮಕೇಂದ್ರಕ್ಕೆ ಬೇರೆ ಊರಿನಿಂದ ಕೂಲಿಗಾಗಿ ಬಂದವರ ಭಾಷೆಯ ನಾಲ್ಕು ಮಾತನ್ನಾದರೂ ನಾವು ಕಲಿತಿದ್ದೇವೆಯೇ?
2. ಸಹಾಯ ಮಾಡುವಾಗ ಪಡೆಯುವವರ ಮರ್ಯಾದೆಯನ್ನು ಕಾಯುತ್ತೇವೆಯೇ?
3. ನಮ್ಮ ಮಕ್ಕಳ "ಅರ್ಥವಾಯಿತು" ಎಂಬ ಮಾತಿನ ಹಿಂದಿನ ಅಂಜಿಕೆಯನ್ನು ಗುರುತಿಸುತ್ತೇವೆಯೇ?

ಪ್ರಾರ್ಥನೆ: ಗುರುವಾದ ಯೇಸುವೇ, ದೂರದೇಶಗಳಲ್ಲಿ ಪಾಠ ಹೇಳುವವರನ್ನೂ ಅವರ ಮುಂದೆ ಕುಳಿತ ಮಕ್ಕಳನ್ನೂ ಹರಸಿರಿ. ಕಲಿಸುವ ಮೊದಲು ಕಲಿಯುವ ದೀನತೆಯನ್ನು ನಮಗೆ ದಯಪಾಲಿಸಿರಿ. ಆಮೆನ್.