ಕೆಳಗಿನ ತೊಟ್ಟಿ: ಉಪ್ಪುನೀರಿನ ಮೀನುಗಳ ಹೊಂದಾಣಿಕೆಯನ್ನು ಕುರಿತು

ಮೀನುಗಳ ಜೊತೆಗೆ ಜೀವಂತ ಹವಳ, ಸಿಗಡಿ, ಶಂಖದ ಹುಳುಗಳನ್ನೂ ಒಂದೇ ಗಾಜಿನ ಗೋಡೆಗಳ ನಡುವೆ ಬದುಕಿಸಲು ಕಟ್ಟುವ ಉಪ್ಪುನೀರಿನ ತೊಟ್ಟಿಗೆ ಹವಳದ ತೊಟ್ಟಿ ಎಂದು ಹೆಸರು. ಅದನ್ನು ಸಾಕುವವರು 'ಹೊಂದಾಣಿಕೆ' ಎಂಬ ಪದಕ್ಕೆ ಕೊಡುವ ಅರ್ಥ ಸಾಮಾನ್ಯವಾಗಿ ಬಹಳ ಕಿರಿದು, ಯಾವ ಮೀನು ಯಾವುದನ್ನು ಕಚ್ಚುವುದಿಲ್ಲ ಎಂಬಷ್ಟಕ್ಕೇ ಅದು ನಿಲ್ಲುತ್ತದೆ. ಹಸಿರು, ಹಳದಿ, ಕೆಂಪು ಚೌಕಗಳಲ್ಲಿ ಮೀನುಗಳ ಸ್ನೇಹ ವೈರಗಳನ್ನು ತೋರಿಸುವ ಪಟ್ಟಿಗಳೂ ಇದನ್ನೇ ಹೇಳುತ್ತವೆ, ಮತ್ತು ಜಾತಕ ಕೂಡಿದರೆ ಸಂಸಾರವೂ ಕೂಡೀತೆಂದು ನಂಬುವ ಹಿರಿಯರಂತೆ ಸಾಕಣೆದಾರರು ಅವನ್ನು ನೋಡಿಕೊಂಡೇ ಮೀನು ಕೊಳ್ಳುತ್ತಾರೆ. ಪಟ್ಟಿಯಲ್ಲಿರುವುದು ಸುಳ್ಳೇನಲ್ಲ. ಆದರೆ ಯಾವ ಮೀನು ಮೊದಲು ಬಂತು, ಬಂದದ್ದು ಎಷ್ಟು ಬೆಳೆಯುತ್ತದೆ, ಒಂದಕ್ಕೆ ಬೇನೆ ಬಂದರೆ ಅದರ ಮದ್ದು ಪಕ್ಕದ ಜೀವಿಗೆ ವಿಷವಾಗುತ್ತದೆಯೇ ಎಂಬುವು ಯಾವ ಚೌಕದಲ್ಲೂ ಇರುವುದಿಲ್ಲ. ತೊಟ್ಟಿಯೊಂದು ಉಳಿಯುವುದೂ ಅಳಿಯುವುದೂ ಅವುಗಳಿಂದಲೇ ಎಂಬುದನ್ನು ಬಸವೇಶ್ವರನಗರದ ಮನೆಯೊಂದರ ನಾಲ್ಕು ಅಡಿ ತೊಟ್ಟಿ 2024ರ ಬೇಸಿಗೆಯಲ್ಲಿ ತೋರಿಸಿಕೊಟ್ಟಿತು. ಆ ತೊಟ್ಟಿ ಪ್ರಸ್ತುತ ಲೇಖಕನದೇ ಆದುದರಿಂದ ಈ ಬರಹದಲ್ಲಿ ಪೂರ್ಣ ನಿಷ್ಪಕ್ಷಪಾತವನ್ನು ನಿರೀಕ್ಷಿಸಬಾರದು.

ಬೆಂಗಳೂರಿನ ಪಶ್ಚಿಮ ಬಡಾವಣೆಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ, ಆದ್ದರಿಂದ ನೀರಿನಲ್ಲಿ ಕರಗಿ ನಿಲ್ಲುವ ಆಮ್ಲಜನಕವೂ ಸುಮಾರಾಗಿ ಅಷ್ಟೇ ಕಡಿಮೆ. ಸಿಹಿನೀರಿಗಿಂತ ಉಪ್ಪುನೀರು, ತಣ್ಣೀರಿಗಿಂತ ಬಿಸಿನೀರು ಅದನ್ನು ಇನ್ನೂ ಕಡಿಮೆ ಹಿಡಿಯುತ್ತವೆ. ಕಡಲ ದಂಡೆಯ ಊರಿನಲ್ಲಿ ಇಷ್ಟು ಲೀಟರಿಗೆ ಇಷ್ಟು ಮೀನು ಎಂದು ಹಾಕಿದ ಲೆಕ್ಕವನ್ನು, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಊರಿಗೆ ಹಾಗೆಯೇ ತಂದರೆ ಮೀನುಗಳು ಬೆಳಗಿನ ಜಾವ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಇಲ್ಲಿ ಚರ್ಚಿಸುವ ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರವಿದ್ದು ಲೆಕ್ಕಕ್ಕೆ 340 ಲೀಟರ್ ಹಿಡಿಯುತ್ತಿತ್ತು. ಕಲ್ಲು ಮರಳು ತುಂಬಿದ ಮೇಲೆ ಉಳಿದ ನೀರು 280 ಲೀಟರ್ ದಾಟುತ್ತಿರಲಿಲ್ಲ. ಅಷ್ಟರಲ್ಲಿ ಐದಾರು ಸಣ್ಣ ಮೀನುಗಳಿಗಿಂತ ಹೆಚ್ಚು ಇಡಬಾರದೆಂದು ತಿಳಿದವರು ಹೇಳಿದ್ದರು, ಲೇಖಕನೂ ತಲೆಯಾಡಿಸಿದ್ದ.

ಹವಳವೆಂದೊಡನೆ ಕೊರಳ ಸರವನ್ನು ನೆನೆಯುವ ಓದುಗರಿಗೆ ಒಂದು ವಿವರಣೆ ಅಗತ್ಯ. ಸುಣ್ಣದ ಗೂಡು ಕಟ್ಟಿ ದಿಬ್ಬವಾಗಿ ಬೆಳೆಯುವ ಗಟ್ಟಿ ಹವಳಗಳು, ಮುರುಡೇಶ್ವರದಾಚೆಯ ನೇತ್ರಾಣಿಯ ಸುತ್ತ ಮುಳುಗುಗಾರರು ನೋಡಿಬರುವಂಥವು, 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕಿದೆ. ಕಡಲಕುದುರೆಗಳೂ ಅದೇ ವರ್ಷ ಆ ಪಟ್ಟಿಗೆ ಸೇರಿದವು. 'ಬಿಲ್ ಇದೆ ಸಾರ್' ಎಂಬ ಅಂಗಡಿಯ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಈ ತೊಟ್ಟಿಯಲ್ಲಿದ್ದವು ಮೃದು ಹವಳಗಳು ಮಾತ್ರ: ಅಣಬೆಯಂತೆ ಹರಡಿಕೊಳ್ಳುವ ಒಂದು ಬಗೆ, ತೊಗಲಿನ ಛತ್ರಿಯಂಥ ಇನ್ನೊಂದು, ಮತ್ತು ಪುಟ್ಟ ಕೈಗಳು ಮುಷ್ಟಿ ಬಿಗಿದು ಬಿಚ್ಚುತ್ತಿರುವಂತೆ ಹಗಲಿಡೀ ಮಿಡಿಯುವ ಝೀನಿಯಾ.

ತೊಟ್ಟಿಯೊಳಕ್ಕೆ ಮೊದಲು ಬಂದದ್ದು ಡಾಮಿನೋ. ಕಪ್ಪು ಮೈ, ಹಣೆಯ ಮೇಲೊಂದು ಪಕ್ಕೆಗಳಲ್ಲಿ ಒಂದೊಂದು ಬಿಳಿ ಬೊಟ್ಟು, ಹೆಬ್ಬೆರಳ ಉಗುರಿನಷ್ಟು ಗಾತ್ರ. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಬದಲಿಸುವ ವ್ಯವಸ್ಥೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ, ಮತ್ತು ಆ ವಿಷದ ದಿನಗಳನ್ನು ತಡೆದುಕೊಳ್ಳಬಲ್ಲ ಅಗ್ಗದ ಮೀನೆಂದು ಅಂಗಡಿಯವರು ಡಾಮಿನೋವನ್ನು ಕೊಡುತ್ತಾರೆ. ಮೀನೇ ಇಲ್ಲದೆ ಚಿಟಿಕೆ ಆಹಾರವನ್ನು ಕೊಳೆಯಲು ಬಿಟ್ಟರೂ ಅದೇ ಕೆಲಸ ಆಗುತ್ತದೆಂಬುದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ವ್ಯಾಪಾರವಿಲ್ಲ. 'ಏನೂ ಆಗಲ್ಲ ಸಾರ್' ಎಂಬುದು ಈ ವೃತ್ತಿಯ ಪಾರಿಭಾಷಿಕ ಪದವೇ ಆಗಿದ್ದು, ಮೀನು ಅಂಗಡಿಯ ಬಾಗಿಲು ದಾಟುವವರೆಗೆ ಏನೂ ಆಗುವುದಿಲ್ಲ ಎಂಬುದು ಅದರ ನಿಖರವಾದ ಅರ್ಥ. ಡಾಮಿನೋ 14 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಬೆಳೆದಂತೆ ಬೊಟ್ಟುಗಳು ಮಾಸುತ್ತವೆ, ಮಾಸಿದಷ್ಟೂ ಸಿಡುಕು ಹೆಚ್ಚುತ್ತದೆ. ಮೊದಲು ಬಂದದ್ದರಿಂದ ಇಡೀ ತೊಟ್ಟಿಯನ್ನು ತನ್ನದೆಂದು ತಿಳಿಯುತ್ತದೆ. ಹಳೆಯ ಕರಾರಿನ ಮೇಲೆ ಭೋಗ್ಯಕ್ಕೆ ಕುಳಿತು ಬಿಡಲೊಲ್ಲದ ಬಾಡಿಗೆದಾರರನ್ನು ಕಂಡಿರುವ ರಾಜಾಜಿನಗರದ ಮನೆಮಾಲೀಕರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಬಂದ ಕ್ಲೌನ್ ಜೋಡಿ ಹೇಗೋ ಒಂದು ಮೂಲೆಯನ್ನು ಗಿಟ್ಟಿಸಿಕೊಂಡಿತು. 2003ರ 'ಫೈಂಡಿಂಗ್ ನೀಮೋ' ಚಿತ್ರದಿಂದಾಗಿ ಮಕ್ಕಳೆಲ್ಲ ನೀಮೋ ಎಂದು ಕರೆಯುವ ಈ ಮೀನುಗಳು ಮೊದಲು ಗಂಡಾಗಿಯೇ ಬೆಳೆದು, ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುವುದರಿಂದ ಒಂದು ದೊಡ್ಡದು ಒಂದು ಚಿಕ್ಕದನ್ನು ಆರಿಸಿದರೆ ಜಗಳ ಕಡಿಮೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಢಿಸಿರುವುದರಿಂದ ಕಡಲಿನಿಂದ ಹಿಡಿದು ತಂದವುಗಳನ್ನೇ ಕೊಳ್ಳಬೇಕೆಂದೂ ಇಲ್ಲ. ಆಮೇಲೆ ಬಂದದ್ದು ಫೈರ್‌ಫಿಶ್, ಅರ್ಧ ಬಿಳಿ ಅರ್ಧ ಕೆಂಪಿನ, ಹೆದರಿದರೆ ಚಿಮ್ಮುವ ಸಾಧು ಪ್ರಾಣಿ. ಪಟ್ಟಿಯ ಪ್ರಕಾರ ಅದಕ್ಕೂ ಡಾಮಿನೋಗೂ ಹಳದಿ ಚೌಕ, ಅಂದರೆ ಎಚ್ಚರಿಕೆಯಿಂದ ಇಡಬಹುದು. ಮೂರನೆಯ ದಿನ ಅದು ಸೋಫಾದ ಹಿಂದೆ ಒಣಮೀನಾಗಿ ಸಿಕ್ಕಿತು. ಡಾಮಿನೋವನ್ನು ಹಿಡಿದು ಹಿಂದಿರುಗಿಸಬೇಕಿದ್ದ ದಿನ ಅದೇ. ಆದರೆ ಹಿಡಿಯಬೇಕಾದರೆ ಎರಡು ಭಾನುವಾರ ಕುಳಿತು ಜೋಡಿಸಿದ್ದ ಕಲ್ಲುಗಳನ್ನು ಕೆಡವಬೇಕಿತ್ತು, ಮತ್ತು ಆ ಜೋಡಣೆಯ ಬಗ್ಗೆ ಲೇಖಕನಿಗೆ ಅಕಾರಣವಾದ ಹೆಮ್ಮೆಯಿತ್ತು.

ಆ ಹೆಮ್ಮೆಯ ಮೇಲೆ ಮಗಳ ಹಟ ಸೇರಿ ಬಂದದ್ದು ನೀಮೋ ಚಿತ್ರದ 'ಡೋರಿ', ಅಂದರೆ ನೀಲಿ ಟ್ಯಾಂಗ್. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುವ ಈ ಮೀನು ಸುಮಾರು 30 ಸೆಂಟಿಮೀಟರ್ ಬೆಳೆಯುವುದರಿಂದ ನಾಲ್ಕು ಅಡಿಯ ತೊಟ್ಟಿ ಅದಕ್ಕೆ ಹೊರಸಾಲೆಯೂ ಆಗದು. ಅಷ್ಟೇ ಮುಖ್ಯವಾದ ಮಾತೆಂದರೆ ಗಾಬರಿಯಾದ ಟ್ಯಾಂಗಿಗೆ ಬಿಳಿಚುಕ್ಕೆ ರೋಗ ಬಹಳ ಬೇಗ ಅಂಟುತ್ತದೆ. ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಜೀವಿ ಮೀನಿನ ಚರ್ಮವನ್ನೂ ಕಿವಿರನ್ನೂ ಹೊಕ್ಕು ಮೂರರಿಂದ ಏಳು ದಿನ ಉಂಡು, ಉಪ್ಪಿನ ಹರಳಿನಂಥ ಚುಕ್ಕೆಯಾಗಿ ಕಂಡು, ಬಳಿಕ ಉದುರಿ ಕಲ್ಲು ಮರಳುಗಳಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ, ಅಲ್ಲಿಂದ ನೂರಾರಾಗಿ ಒಡೆದು ಮತ್ತೆ ಮೀನನ್ನು ಹುಡುಕುತ್ತದೆ. ಚುಕ್ಕೆ ಮಾಯವಾದಾಗ ರೋಗ ವಾಸಿಯಾಯಿತೆಂದು ಹಿಗ್ಗುವವರು ಮುಂದಿನ ಅಲೆಯಲ್ಲಿ ಮೀನನ್ನು ಕಳೆದುಕೊಳ್ಳುತ್ತಾರೆ. ಡಾಮಿನೋ ಅಟ್ಟಿಸಿಕೊಂಡು ಹೋಗಿ ರೆಕ್ಕೆ ಹರಿದಿದ್ದ ಟ್ಯಾಂಗಿನ ಮೈಮೇಲೆ ಹತ್ತನೆಯ ದಿನ ಚುಕ್ಕೆಗಳೆದ್ದವು. ಇದಕ್ಕೆ ಖಚಿತವಾದ ಮದ್ದು ತಾಮ್ರ. ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತವೇ ಇಲ್ಲಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ನಿಲ್ಲುವಂತೆ ವಾರಗಟ್ಟಲೆ ಬಳಕೆಯಾಗುತ್ತದೆ; ಆ ಪ್ರಮಾಣವನ್ನು ಮೀನು ತಾಳುತ್ತದೆ, ಸಿಗಡಿ, ಶಂಖದ ಹುಳು, ಹವಳಗಳು ತಾಳುವುದಿಲ್ಲ. ಆದ್ದರಿಂದ ಟ್ಯಾಂಗನ್ನು ಅರವತ್ತು ಲೀಟರಿನ ಬೇರೊಂದು ಬರಿಯ ತೊಟ್ಟಿಗೆ ವರ್ಗಾಯಿಸಿ, ಅದನ್ನು ನಡುಮನೆಯ ನೆಲದ ಮೇಲೆ ಇಡಲಾಗಿತ್ತು. ಮೀನುಗಳನ್ನೆಲ್ಲ ಹೊರತೆಗೆದು ದೊಡ್ಡ ತೊಟ್ಟಿಯನ್ನು ವಾಡಿಕೆಯಂತೆ 76 ದಿನ ಮೀನಿಲ್ಲದೆ ಬಿಡಬೇಕಾಗಿದ್ದರೂ, ಕಲ್ಲು ಕೆಡವುವ ಪ್ರಶ್ನೆ ಮತ್ತೆ ಬಂದುದರಿಂದ ಟ್ಯಾಂಗನ್ನು ಮಾತ್ರ ತೆಗೆಯಲಾಯಿತು.

ಏಪ್ರಿಲ್‌ನ ಆ ಸಂಜೆ ಲೇಖಕನು ಕೆಂಗೇರಿ ಉಪನಗರದಲ್ಲಿ ಬಂಧುಗಳ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿದ್ದ, ಮನೆಯಲ್ಲಿ ವಿಜಯನಗರದಿಂದ ಬಂದಿದ್ದ ಹೆಂಡತಿಯ ತಮ್ಮನಿದ್ದ. ದಿನದ ಮದ್ದು ಹಾಕುವುದು ಮರೆತುಹೋದದ್ದು ಹೋಳಿಗೆ ಬಡಿಸುವಾಗ ನೆನಪಾಗಿ ಫೋನು ಮಾಡಲಾಯಿತು. 'ಭಾವ, ಯಾವ್ ಟ್ಯಾಂಕ್‌ಗೆ?' ಎಂದು ಅವನು ಕೇಳಿದ. 'ಕೆಳಗಿರೋದಕ್ಕೆ ಹಾಕಪ್ಪ' ಎಂಬ ಉತ್ತರ ಹೋಯಿತು. ಹವಳದ ತೊಟ್ಟಿಯ ಅಡಿಯಲ್ಲಿ, ಮರದ ಕಪಾಟಿನೊಳಗೆ, ನೀರು ಶೋಧಿಸುವ ಯಂತ್ರಗಳಿರುವ ಇನ್ನೊಂದು ಗಾಜಿನ ಪೆಟ್ಟಿಗೆ ಇರುತ್ತದೆ, ಸಾಕಣೆದಾರರು ಅದನ್ನು ಸಂಪು ಎನ್ನುತ್ತಾರೆ, ಬೆಂಗಳೂರಿಗರಿಗೆ ಸಂಪೆಂದರೆ ಅಂಗಳದಡಿಯ ಕಾವೇರಿ ನೀರಿನ ಗುಂಡಿಯಾದುದರಿಂದ ಈ ಮನೆಯಲ್ಲಿ ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ಅದು ಕೆಳಗೆ ಇತ್ತು. ಅಡಕೆ ತೋಟದ ಮನೆಯಲ್ಲಿ ಬೆಳೆದು ಮೈಲುತುತ್ತವನ್ನು ಬಾಲ್ಯದಿಂದ ಬಲ್ಲ ಭಾವಮೈದ, ತೊಟ್ಟಿ ದೊಡ್ಡದೆಂದು ಅಂದಾಜು ಮಾಡಿ, ಅಳತೆಯ ಮುಚ್ಚಳವನ್ನು ಬದಿಗಿಟ್ಟು, ಅರ್ಧ ಬಾಟಲಿಯನ್ನು ಅದಕ್ಕೆ ಸುರಿದ. ಕಾಲು ಗಂಟೆಯೊಳಗೆ ಪಂಪು ಅದನ್ನು ಮೇಲಕ್ಕೆ ಒಯ್ದು ಹವಳಗಳಿಗೆಲ್ಲ ಹಂಚಿತ್ತು.

'ಸಿಗಡಿ ಯಾಕೋ ಕುಣೀತಿದೆ ಭಾವ' ಎಂಬ ಎರಡನೆಯ ಫೋನು ಬಂದಾಗ ವಿಷಯ ತಿಳಿಯಿತು. ಕೆಂಗೇರಿಯಿಂದ ಮೆಟ್ರೊ ಹಿಡಿದು ವಿಜಯನಗರದಲ್ಲಿಳಿದು ಆಟೊದಲ್ಲಿ ಮನೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಮೀನುಗಳ ಮೈಯ ಹುಳು ತಿನ್ನುತ್ತ ದಿನವಿಡೀ ಕಲ್ಲಿನ ತುದಿಯಲ್ಲಿ ಮೀಸೆಯಾಡಿಸುತ್ತಿದ್ದ ಕೆಂಪು ಬಿಳಿ ಪಟ್ಟೆಯ ಸಿಗಡಿ ಮರಳಿನ ಮೇಲೆ ಮಗ್ಗುಲಾಗಿ ಬಿದ್ದು ಹೊಟ್ಟೆಯಡಿಯ ಕಾಲುಗಳನ್ನು ಮಾತ್ರ ಒಂದೇ ಸಮನೆ ಆಡಿಸುತ್ತಿತ್ತು. ಗಾಜಿಗೆ ಅಂಟಿಕೊಂಡಿದ್ದ ಶಂಖದ ಹುಳುಗಳು ಒಂದೊಂದಾಗಿ ಬಿಟ್ಟುಕೊಂಡು ಅಂಗಾತ ಬೀಳುತ್ತಿದ್ದವು, ಬಿದ್ದ ಪ್ರತಿ ಸಲ ಟಕ್ ಎಂಬ ಸಣ್ಣ ಸದ್ದು ಗಾಜಿನೀಚೆಗೂ ಕೇಳುತ್ತಿತ್ತು. ಝೀನಿಯಾದ ಮುಷ್ಟಿಗಳು ನಿಂತಿದ್ದವು. ನೀರು ಬದಲಿಸುವುದೊಂದೇ ದಾರಿ, ಕನಿಷ್ಠ 200 ಲೀಟರ್. ಆದರೆ ಅದು 2024ರ ಬೇಸಿಗೆ, ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶಿಸಿದ್ದ ಬೇಸಿಗೆ, ಬೀದಿಗೆ ಎರಡು ದಿನಗಳಿಂದ ಟ್ಯಾಂಕರ್ ಬಂದಿರಲಿಲ್ಲ. ಮೂಲೆಯ ಅಂಗಡಿಯಿಂದ 20 ಲೀಟರಿನ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ತರುವಾಗ ಎದುರುಮನೆಯ ಅಜ್ಜಿ ಇಷ್ಟು ರಾತ್ರಿ ಯಾರು ಬಂದಿದ್ದಾರೆ ಎಂದು ಕೇಳಿದರು, ಮೀನಿಗೆ ಎನ್ನಲು ಬಾಯಿ ಬರಲಿಲ್ಲ. ಐದು ಕ್ಯಾನಿಗೆ ನಿಲ್ಲಿಸಬೇಕಾಯಿತು, ಏಕೆಂದರೆ ಲೀಟರಿಗೆ 35 ಗ್ರಾಂ ಮೀರುವ ಲೆಕ್ಕದಲ್ಲಿ ಮನೆಯಲ್ಲಿದ್ದ ನಾಲ್ಕು ಕಿಲೋ ಸಮುದ್ರದ ಉಪ್ಪು ನೂರು ಲೀಟರಿಗಷ್ಟೇ ಸಾಕಾಯಿತು. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದಿರುವುದರಿಂದ ಅದು ಇದಕ್ಕೆ ಬಾರದು. ಸಕ್ರಿಯ ಇದ್ದಿಲಿನ ಚೀಲಗಳನ್ನು ಇಳಿಬಿಟ್ಟದ್ದೂ ಆಯಿತು. ಎರಡು ಗಂಟೆಯ ಹೊತ್ತಿಗೆ ಸಿಗಡಿಯ ಕಾಲುಗಳು ನಿಂತವು, ಬೆಳಗಿನೊಳಗೆ ಝೀನಿಯಾ ಲೋಳೆಯಾಗಿ ಕರಗಿತು, ಭಾವಮೈದ ಕುರ್ಚಿಯಲ್ಲೇ ಕುಳಿತು ನಿದ್ದೆಹೋಗಿದ್ದ. ಡಾಮಿನೋ ಮಾತ್ರ ಎಂದಿನಂತೆ ಏಳು ಗಂಟೆಗೆ ಗಾಜಿನ ಬಳಿ ಬಂದು ಊಟಕ್ಕೆ ಕಾದಿತ್ತು.

ಸುರಿದವನದು ತಪ್ಪೇ, 'ಕೆಳಗಿರೋದು' ಎಂದವನದೇ ಎಂಬ ವಾದ ಆ ಮನೆಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ, ಬಾಟಲಿಯ ಮೇಲೆ ಅಷ್ಟು ದೊಡ್ಡದಾಗಿ ಬರೆದ ಎಚ್ಚರಿಕೆಯನ್ನು ಓದಬಹುದಾಗಿತ್ತೆಂಬುದು ಲೇಖಕನ ನಿಲುವು. ಆದರೂ ಮೂಲಕ್ಕೆ ಹೋದರೆ, ಮೊದಲು ಬಂದ ಒಂದು ಸಿಡುಕಿನ ಮೀನನ್ನು ತೆಗೆಯದೆ ಬಿಟ್ಟದ್ದರಿಂದ ಇನ್ನೊಂದು ಹೆದರಿ, ಹೆದರಿದ್ದರಿಂದ ರೋಗ ಬಂದು, ರೋಗದಿಂದ ಮದ್ದು ಬಂದು, ಮದ್ದಿನಿಂದ ಹವಳ ಹೋಯಿತು ಎಂಬ ಸರಪಳಿ ಮಸುಕಿಲ್ಲದೆ ಕಾಣುತ್ತದೆ. ಸಾಧು ಮೀನು ಮೊದಲು, ಸಿಡುಕಿನದು ಕೊನೆಗೆ. ಒಂದೇ ಆಕಾರ, ಒಂದೇ ಬಣ್ಣದ ಎರಡು ಬೇಡ. ಹೊಸದು ಯಾವುದಾದರೂ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಕಳೆಯಲಿ. ಸಿಂಹಮೀನು ತನ್ನ ಬಾಯಿಗೆ ಹಿಡಿಸುವುದನ್ನೆಲ್ಲ ಗೆಳೆಯನೆಂದು ನೋಡದೆ ನುಂಗುತ್ತದೆ, ಚಿಟ್ಟೆಮೀನುಗಳಲ್ಲಿ ಹಲವು ಹವಳವನ್ನೇ ತಿನ್ನುತ್ತವೆ, ಮ್ಯಾಂಡರಿನ್ ಎಂಬ ಚಿತ್ರವಿಚಿತ್ರ ಬಣ್ಣದ ಮೀನು ಕಲ್ಲಿನ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಹಸಿದೇ ಸಾಯುತ್ತದೆ. ಮನೆಯಲ್ಲಿ ಸದಾ ಎಂಟು ಕಿಲೋ ಉಪ್ಪಿರಬೇಕು, ಮತ್ತು ಪ್ರತಿ ತೊಟ್ಟಿಗೂ ಹೆಸರಿನ ಚೀಟಿ ಅಂಟಿಸಿರಬೇಕು.

ಟ್ಯಾಂಗ್ ಗುಣವಾಗಿ ಆರಡಿ ತೊಟ್ಟಿಯಿರುವ ಹವ್ಯಾಸಿಯೊಬ್ಬರ ಮನೆ ಸೇರಿತು, ಮಗಳು ಎರಡು ದಿನ ಮಾತು ಬಿಟ್ಟಳು. ಸುಣ್ಣದ ಅಂಶವಿರುವ ಕಲ್ಲುಗಳು ತಾಮ್ರವನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುವುದರಿಂದ, ಅಷ್ಟು ಅಕ್ಕರೆಯಿಂದ ಜೋಡಿಸಿದವೆಲ್ಲ ಈಗ ತಾರಸಿಯ ಮೇಲೆ ಗೋಣಿಚೀಲದಲ್ಲಿವೆ. ಅವನ್ನು ಕೆಡವಿದ ದಿನ ಡಾಮಿನೋ ಬಲೆಗೆ ಸಿಕ್ಕಲು ಎರಡು ನಿಮಿಷ ಹಿಡಿಯಿತು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಅರವತ್ತು ಲೀಟರಿನ ಆ ತೊಟ್ಟಿಯೊಡನೆಯೇ ಭಾವಮೈದ ವಿಜಯನಗರಕ್ಕೆ ಒಯ್ದ, ಒಂಟಿಯಾಗಿ ಸಾಕುತ್ತಿದ್ದಾನೆ. ಹಣೆಯ ಬೊಟ್ಟು ಪೂರ್ತಿ ಮಾಸಿದೆ, ಕೈ ನೀರಿಗಿಟ್ಟರೆ ಬಂದು ಕಚ್ಚುತ್ತದೆ, ತನ್ನನ್ನು ಗುರುತು ಹಿಡಿದೇ ಕಚ್ಚುತ್ತದೆಂದು ಅವನು ಹೇಳುತ್ತಾನೆ.