ಡೀಸೆಲ್ ಪಿಕಪ್ ಬಿಟ್ಟು ಪೆಟ್ರೋಲಿಗೆ ಹೋಗುವ ಮೊದಲು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬಾಡಿಗೆ ಪಿಕಪ್ ಓಡಿಸುವವನು ನಾನು. ಅಡಿಕೆ, ರಬ್ಬರ್ ಶೀಟ್, ಗೊಬ್ಬರ, ಕೆಂಪುಕಲ್ಲು, ಮದುವೆ ಮನೆಯ ಪಾತ್ರೆ, ಶಾಮಿಯಾನ ಎಲ್ಲವೂ ಹೇರುತ್ತೇವೆ. ಹಲವು ವರ್ಷ ಡೀಸೆಲ್ ಒಂದೇ ಇತ್ತು. ಈಗ ಚಿಕ್ಕದೊಂದು ಪೆಟ್ರೋಲ್ ಗಾಡಿಯೂ ಇದೆ, ಅದನ್ನು ತಮ್ಮ ನೋಡಿಕೊಳ್ಳುತ್ತಾನೆ. ಅದು ಅಂಗಳಕ್ಕೆ ಬಂದ ಮೇಲೆ ಬಂಕಿನಲ್ಲಿ, ಸೊಸೈಟಿ ಎದುರು, ಲೋಡ್ ಮಾಡುವ ಹೊತ್ತಿನಲ್ಲಿ ಜನ ಕೇಳುವುದು ಒಂದೇ ಪ್ರಶ್ನೆ: "ಅಣ್ಣ, ನಾವೂ ಪೆಟ್ರೋಲಿಗೆ ಹೋಗುವುದಾ?" ಕೇಳಿದವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಇಂಧನದ ಮಾತು ಆಮೇಲೆ, ಮೊದಲು ಲೋಡಿನ ಮಾತು

ನಮ್ಮ ದೇಶದ ಮಾರುಕಟ್ಟೆಯಲ್ಲಿ ಒಂದು ಟನ್ನಿಗಿಂತ ಹೆಚ್ಚು ಹೊರುವ ಪಿಕಪ್‌ಗಳಲ್ಲಿ ಬರೀ ಪೆಟ್ರೋಲಿನದು ಹುಡುಕಿದರೆ ಸಿಗುವುದು ಕಷ್ಟ. ಬೊಲೆರೊ ಪಿಕಪ್, ದೋಸ್ತ್, ಯೋಧ ಇವೆಲ್ಲ ಡೀಸೆಲ್, ಇಲ್ಲವೇ ಸಿಎನ್‌ಜಿ. ಪೆಟ್ರೋಲ್ ಬೇಕೆಂದರೆ ಸೂಪರ್ ಕ್ಯಾರಿ, ಏಸ್ ಥರದ ಚಿಕ್ಕ ಗಾಡಿಗೆ ಇಳಿಯಬೇಕು. ಅವುಗಳ ಹೊರೆ ಮುಕ್ಕಾಲು ಟನ್ನಿನ ಆಸುಪಾಸು. ಅಂದರೆ ಬೊಲೆರೊ ಕೊಟ್ಟು ಪೆಟ್ರೋಲ್ ತರುವವರು ಇಂಧನದ ಜತೆಗೆ ಅರ್ಧದಷ್ಟು ಲೋಡನ್ನೂ ಬಿಟ್ಟುಕೊಡುತ್ತಾರೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಹೊರುವುದು ಅಡಿಕೆ ಗೋಣಿ, ತರಕಾರಿ, ಅಂಗಡಿ ಸಾಮಾನು, ಹಿಂಡಿ ಚೀಲ ಆದರೆ ಅದರಿಂದ ತೊಂದರೆಯಿಲ್ಲ. ಹೆಚ್ಚಿನ ದಿನ ಪಿಕಪ್ ಅರ್ಧ ಖಾಲಿಯೇ ಓಡುತ್ತಿರುತ್ತದೆ. ಕೆಂಪುಕಲ್ಲು, ಜಲ್ಲಿ, ಹಟ್ಟಿಗೊಬ್ಬರ ಎಂದರೆ ಒಂದು ಸಲಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ಸಲ ಹೋಗಬೇಕು. ಅಲ್ಲಿ ಯಾವ ಮೈಲೇಜೂ ನಿಮ್ಮನ್ನು ಉಳಿಸುವುದಿಲ್ಲ. ಎರಡು ಟ್ರಿಪ್ಪಿನದನ್ನು ಒಂದೇ ಸಲ ಹೇರಿದರಾಯಿತು ಎನ್ನುವವರಿದ್ದಾರೆ. ಚಿಕ್ಕ ಗಾಡಿಯ ಆಕ್ಸಲ್, ಬ್ರೇಕು ಆ ಭಾರಕ್ಕೆ ಮಾಡಿದ್ದಲ್ಲ. ಓವರ್‌ಲೋಡಿನಲ್ಲಿ ಅಪಘಾತವಾದರೆ ಇನ್ಶೂರೆನ್ಸ್ ಹಣಕ್ಕೂ ತಕರಾರು ಬರುತ್ತದೆ. ಇದಕ್ಕೆ ನಾನು ಎಂದೂ ಹೂಂ ಎನ್ನುವುದಿಲ್ಲ.

ಒಂದು ತಿಂಗಳು ಪುಸ್ತಕ ಇಡಿ. ಏನು ಹೇರಿದಿರಿ, ಎಷ್ಟು ಕಿಲೋ, ಎಲ್ಲಿಂದ ಎಲ್ಲಿಗೆ. ಅದು ಕೈಯಲ್ಲಿಲ್ಲದೆ ಶೋರೂಮಿಗೆ ಕಾಲಿಡಬೇಡಿ.

2. "ಡೀಸೆಲ್ ಅಗ್ಗ" ಎಂಬ ಮಾತು ಹಳೆಯ ಕಾಲದ್ದು

ಆ ಮಾತಿಗೂ ಒಂದು ಕಾರಣವಿತ್ತು. ಪೆಟ್ರೋಲ್ ದರವನ್ನು ಸರ್ಕಾರ 2010ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಡೀಸೆಲ್ ದರವನ್ನು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ಆ ನಡುವೆ, 2012ರ ಹೊತ್ತಿಗೆ, ಎರಡಕ್ಕೂ ಲೀಟರಿಗೆ 30 ರೂಪಾಯಿಗಿಂತ ಹೆಚ್ಚಿನ ಅಂತರವಿತ್ತು. ನಮ್ಮಲ್ಲಿ ಎಷ್ಟೋ ಮಂದಿ ಮೊದಲ ಗಾಡಿ ತೆಗೆದದ್ದು ಆಗಲೇ. ಈಗ ಹಾಗಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿಗೆ ಮುಟ್ಟಿತು. ಪೆಟ್ರೋಲ್ 103ರ ಹತ್ತಿರ ಇತ್ತು. ಅಂತರ 12 ರೂಪಾಯಿ. ಕೇರಳದಲ್ಲಿ ಎರಡೂ ಇನ್ನೂ ದುಬಾರಿ, ಹಾಗಾಗಿ ಜಾಲ್ಸೂರು ದಾಟಿ ಕಾಸರಗೋಡಿಗೆ ಬಾಡಿಗೆ ಹೋಗುವವರು ಟ್ಯಾಂಕನ್ನು ಈಚೆಗೇ ತುಂಬಿಸಿಕೊಳ್ಳುತ್ತಾರೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ನಿಮ್ಮ ಅಂಕಿ ಹಾಕಿ ನೀವೂ ಮಾಡಬಹುದು. 2025ರ ಜೂನ್‌ನಲ್ಲಿ ಏಸ್ ಪ್ರೋ ಪೆಟ್ರೋಲ್ ಬಂದಾಗ ಶೋರೂಮ್ ಬೆಲೆ 3.99 ಲಕ್ಷ, ಹೊರೆ 750 ಕಿಲೋ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಏಸ್ ಗೋಲ್ಡ್ ಪ್ಲಸ್ ಡೀಸೆಲ್ ಬಂದದ್ದು 5.52 ಲಕ್ಷಕ್ಕೆ, ಹೊರೆ 900 ಕಿಲೋ. ನಡುವೆ ಒಂದೂವರೆ ಲಕ್ಷ. ನಮ್ಮ ಏರುತಗ್ಗಿನಲ್ಲಿ ಡೀಸೆಲ್ ಲೀಟರಿಗೆ 16, ಪೆಟ್ರೋಲ್ 13 ಕಿಲೋಮೀಟರ್ ಕೊಡುತ್ತದೆ ಎಂದು ಹಿಡಿಯಿರಿ. ಡೀಸೆಲಿಗೆ ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ, ಪೆಟ್ರೋಲಿಗೆ 7 ರೂಪಾಯಿ 90 ಪೈಸೆ. ವ್ಯತ್ಯಾಸ 2 ರೂಪಾಯಿ 20 ಪೈಸೆ. ಡೀಸೆಲ್ ಗಾಡಿಗೆ ಹೆಚ್ಚು ಕೊಟ್ಟ ಒಂದೂವರೆ ಲಕ್ಷ ವಾಪಸಾಗಲು ಸುಮಾರು 68 ಸಾವಿರ ಕಿಲೋಮೀಟರ್ ಓಡಬೇಕು. ತಿಂಗಳಿಗೆ 3,000 ಕಿಲೋಮೀಟರ್ ಓಡಿಸುವ ಬಾಡಿಗೆಯವನಿಗೆ ಎರಡು ವರ್ಷದೊಳಗೆ ಆಯಿತು. ತೋಟ, ಸೊಸೈಟಿ, ಸುಳ್ಯ ಪೇಟೆ ಎಂದು ತಿಂಗಳಿಗೆ 1,000 ಓಡುವ ಕೃಷಿಕನಿಗೆ ಐದು ವರ್ಷ ದಾಟುತ್ತದೆ, ಸಾಲದ ಬಡ್ಡಿ ಬೇರೆ. ಇಬ್ಬರಿಗೂ ಒಂದೇ ಸಲಹೆ ಕೊಡುವವನನ್ನು ನಂಬಬೇಡಿ.

ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮೊದಲು ಬರೆಸಿಕೊಂಡ ಕೊಟೇಶನ್ ಇದ್ದರೆ ಹರಿದು ಹೊಸದು ಕೇಳಿ.

3. ಗಿಡ್ಡ ಓಟ ಈಗಿನ ಡೀಸೆಲಿಗೆ ಆಗಿಬರುವುದಿಲ್ಲ

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂತು. ಚಿಕ್ಕ ಡೀಸೆಲ್ ಎಂಜಿನ್ನಿಗೆ ಹೊಗೆ ಶುದ್ಧ ಮಾಡುವ ಸಲಕರಣೆಯ ಖರ್ಚು ಬಲು ಭಾರ. 2016ರಲ್ಲಿ ಡೀಸೆಲಿನಲ್ಲೇ ಶುರುವಾದ ಸೂಪರ್ ಕ್ಯಾರಿ ಈಗ ಪೆಟ್ರೋಲ್, ಸಿಎನ್‌ಜಿಗಳಲ್ಲಿ ಮಾತ್ರ ಸಿಗುವುದಕ್ಕೆ ಅದೂ ಕಾರಣ.

ಡಿಪಿಎಫ್ ಎಂಬ ಜಾಲರಿ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿದಿಡುತ್ತದೆ. ತುಂಬಿದಾಗ ಅದನ್ನು ಸುಡಬೇಕು. ಆರುನೂರು ಡಿಗ್ರಿಯ ಹತ್ತಿರ ಶಾಖ ಬೇಕು. ಮಾಣಿಯಿಂದ ಸಂಪಾಜೆಯವರೆಗೆ ಹೆದ್ದಾರಿಯಲ್ಲಿ ಒಂದೇ ಉಸಿರಿಗೆ ಓಡುವ ಗಾಡಿಯಲ್ಲಿ ಅದು ತಾನಾಗಿ ನಡೆಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಮನೆಯಿಂದ ಎರಡು ಮೈಲಿ ದೂರದ ಹಾಲಿನ ಡಿಪ್ಪೋಗೆ ಹೋಗಿ ಬಂದು ನಿಲ್ಲಿಸುವ ಗಾಡಿ ಕಾಯುವುದೇ ಇಲ್ಲ. ಮಸಿ ಕೂತು, ದೀಪ ಹೊತ್ತಿ, ಎಂಜಿನ್ ಎಳೆಯದೆ ಕೊನೆಗೆ ಗ್ಯಾರೇಜಿಗೆ ಬರುತ್ತದೆ. ಕಡಬ ಕಡೆಯ ಒಬ್ಬ ಹಿರಿಯರು, "ಮಾರಾಯ, ಗಾಡಿ ಓಡಿಸಿದ್ದೇ ಕಡಿಮೆ, ಹಾಳಾಗುವುದು ಹೇಗೆ?" ಎಂದು ಬೇಸರದಲ್ಲಿ ಕೇಳಿದ್ದರು. ಓಡಿಸಿದ್ದು ಕಡಿಮೆ ಎನ್ನುವುದೇ ಕಾರಣ ಎಂದು ಅವರಿಗೆ ಒಪ್ಪಿಸಲು ಹೊತ್ತು ಹಿಡಿಯಿತು.

ಎಲ್ಲ ಡೀಸೆಲ್ ಗಾಡಿಯಲ್ಲೂ ಒಂದೇ ಏರ್ಪಾಡಿಲ್ಲ. ಕೆಲವಕ್ಕೆ ಹೊಗೆ ಶುದ್ಧ ಮಾಡಲು ಡಿಇಎಫ್ ದ್ರವ ತುಂಬಿಸಬೇಕು, ಕೆಲವಕ್ಕೆ ಬೇಡ. ನೀವು ನೋಡುತ್ತಿರುವ ಗಾಡಿಯಲ್ಲಿ ಯಾವುದಿದೆ ಎಂದು ಕೇಳಿ ತಿಳಿದುಕೊಳ್ಳಿ. ದಿನದ ಓಟ ಗಿಡ್ಡವಾಗಿದ್ದರೆ ಪೆಟ್ರೋಲ್ ಕಡೆಗೆ ನನ್ನ ತೂಕ ವಾಲುವುದು ಬೆಲೆಗಿಂತ ಹೆಚ್ಚಾಗಿ ಈ ಕಾರಣಕ್ಕೆ.

4. ಚಡವಿನಲ್ಲಿ ಗಾಡಿಯ ನಿಜ ಬಣ್ಣ

ನಮ್ಮ ತೋಟಗಳು ತೋಡಿನ ಬದಿಯಲ್ಲಿ, ಮನೆ ಮೇಲೆ, ಡಾಂಬರು ರಸ್ತೆ ಇನ್ನೂ ಮೇಲೆ. ನಡುವೆ ಎರಡು ಚಕ್ರಕ್ಕೆ ಮಾತ್ರ ಕಾಂಕ್ರೀಟ್ ಹಾಕಿದ ದಾರಿ, ಜುಲೈಯಲ್ಲಿ ಅದರ ಮೇಲೆ ಹಸಿರು ಪಾಚಿ, ಮಧ್ಯೆ ಒಂದು ಅಡ್ಡ ತಿರುವು. ಬೊಲೆರೊ ಪಿಕಪ್ಪಿನ ಎರಡೂವರೆ ಲೀಟರ್ ಎಂಜಿನ್ ಸುಮಾರು 200 ನ್ಯೂಟನ್ ಮೀಟರ್ ಎಳೆತವನ್ನು 1,400 ಸುತ್ತಿನಲ್ಲೇ ಕೊಡುತ್ತದೆ. ತಿರುವಿನಲ್ಲಿ ನಿಧಾನಿಸಿದರೂ ಮೊದಲ ಗೇರಿನಲ್ಲಿ ಗುಡುಗುಡು ಎನ್ನುತ್ತ ಹತ್ತಿಬಿಡುತ್ತದೆ. ಏಸ್‌ನ 694 ಸಿಸಿ ಪೆಟ್ರೋಲ್ ಎಂಜಿನ್ನಿನ ಎಳೆತ 55, ಅದೂ ಸುತ್ತು ಏರಿದ ಮೇಲೆ. ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿ, ಸುತ್ತು ಉಳಿಸಿಕೊಂಡು ಹೋಗಬೇಕು. ನಡುವೆ ಆರಿತೆಂದರೆ ಪಾಚಿಯ ಮೇಲೆ ಹಿಂದಿನ ಚಕ್ರ ತಿರುಗುತ್ತದೆ, ಗಾಡಿ ಏರುವುದಿಲ್ಲ, ಕ್ಲಚ್ಚಿನ ಸುಟ್ಟ ವಾಸನೆ ಮೂಗಿಗೆ ಬರುತ್ತದೆ. ಡೀಸೆಲ್ ಓಡಿಸಿ ಪಳಗಿದ ಕಾಲಿಗೆ ಇದು ಹೊಸ ಪಾಠ. ತಮ್ಮ ಬೇಗ ಕಲಿತ, ಅವನ ಕೈ ಮೊದಲಿನಿಂದಲೂ ಪೆಟ್ರೋಲ್ ಗಾಡಿಯದ್ದು.

ಆದರೆ ಪೆಟ್ರೋಲಿಗೆ ಎಳೆತವೇ ಇಲ್ಲ ಎನ್ನುವುದೂ ಸರಿಯಲ್ಲ. ಏಸ್ ಗೋಲ್ಡಿನ ಬಿಎಸ್-6 ಡೀಸೆಲ್ ಎಂಜಿನ್ನಿನ ಎಳೆತ 45 ಮಾತ್ರ, ಶಕ್ತಿ 20 ಎಚ್‌ಪಿ. ಅದರದೇ ಪೆಟ್ರೋಲಿಗೆ 30. ಸೂಪರ್ ಕ್ಯಾರಿಯ ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲಿನ ಎಳೆತ ನೂರು ದಾಟುತ್ತದೆ. ಪೆಟ್ರೋಲಿನಲ್ಲೇ ಚಡವು ಹತ್ತಬೇಕೆನ್ನುವವರಿಗೆ ನಾನು ನಾಲ್ಕು ಸಿಲಿಂಡರಿನದನ್ನೇ ಹೇಳುವುದು.

5. ಮಳೆಗಾಲ ಮತ್ತು ಎಥನಾಲ್

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಲೀಟರಿಗೆ ಲೀಟರ್ ಲೆಕ್ಕದಲ್ಲಿ ಎಥನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಮೈಲೇಜಿಗೆ ಒಂದಿಷ್ಟು ಏಟು ಬಿದ್ದೇ ಬೀಳುತ್ತದೆ. ಹೆಚ್ಚಿನ ಚಿಂತೆ ನೀರಿನದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಕಳೆ ಕತ್ತರಿಸುವ ಯಂತ್ರವನ್ನು ಪೆಟ್ರೋಲ್ ಸಮೇತ ಕೊಟ್ಟಿಗೆಯಲ್ಲಿ ಬಿಟ್ಟು, ಮಳೆ ಮುಗಿದ ಮೇಲೆ ಹಗ್ಗ ಎಳೆದೂ ಎಳೆದೂ ಸೋತ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿಕಪ್ ದಿನಾ ಓಡಿದರೆ ಭಯವಿಲ್ಲ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಮುಚ್ಚಳದ ರಬ್ಬರ್ ಸರಿಯಾಗಿರಲಿ. ಸೆಕೆಂಡ್‌ಹ್ಯಾಂಡ್ ಪೆಟ್ರೋಲ್ ಗಾಡಿ ತೆಗೆಯುವುದಾದರೆ 2023ರ ಏಪ್ರಿಲಿನ ನಂತರ ತಯಾರಾದದ್ದು ಒಳ್ಳೆಯದು. ಅಂದಿನಿಂದ ಪೈಪು, ವಾಷರ್‌ಗಳನ್ನು ಈ ಮಿಶ್ರಣ ತಡೆಯುವಂತೆ ಮಾಡಿದ್ದಾರೆ. ಡೀಸೆಲಿನವರೂ ಫಿಲ್ಟರಿನ ತಳದ ನೀರನ್ನು ಮಳೆಗಾಲದಲ್ಲಿ ಆಗಾಗ ಬಿಡಬೇಕು.

6. ಘಾಟಿ

ಸಂಪಾಜೆ, ಬಿಸಿಲೆ, ಶಿರಾಡಿಗೆ ವಾರವಾರ ಲೋಡ್ ಒಯ್ಯುವವರು ಡೀಸೆಲ್ ಬಿಡಬೇಡಿ. ವರ್ಷಕ್ಕೊಮ್ಮೆ ಮಡಿಕೇರಿಗೆ ಹೋಗುವುದಕ್ಕಾಗಿ ಮಾತ್ರ ಡೀಸೆಲ್ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ, ಆ ದಿನ ಬಾಡಿಗೆಗೆ ಹೇಳಿ. ಇಳಿತದಲ್ಲಿ ಪೆಟ್ರೋಲ್ ಗಾಡಿ ಹಿಡಿಯುವುದಿಲ್ಲ ಎಂಬ ಮಾತು ಸುಳ್ಳು. ಎರಡನೇ ಗೇರಿಗೆ ಹಾಕಿ ಆಕ್ಸಲರೇಟರ್ ಬಿಟ್ಟರೆ ಚೆನ್ನಾಗಿಯೇ ಹಿಡಿಯುತ್ತದೆ. ನ್ಯೂಟ್ರಲ್ ಮಾಡಿ ಇಳಿಯುವುದು ಎರಡರಲ್ಲೂ ಕೂಡದು.

7. ಕಾಗದ, ಗ್ಯಾರೇಜ್, ಮರುಮಾರಾಟ

ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಂತೆ ಪರ್ಮಿಟ್ ಬೇಡ. ಎಫ್‌ಸಿ ಮಾತ್ರ ಎಲ್ಲಕ್ಕೂ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಪೆಟ್ರೋಲಿನ ಸರ್ವಿಸ್ ಖರ್ಚು ಕಡಿಮೆ. ಡೀಸೆಲಿನ ಇಂಜೆಕ್ಟರ್ ಕೈಕೊಟ್ಟರೆ ಒಂದು ತಿಂಗಳ ದುಡಿಮೆ ಹೋಗಬಹುದು. ಮಾರುವಾಗ ಮಾತ್ರ ಹಳೆಯ ಡೀಸೆಲ್ ಪಿಕಪ್ಪಿಗೆ ನಮ್ಮ ಕಡೆ ಗಿರಾಕಿ ಬೇಗ ಸಿಗುತ್ತಾರೆ.

8. ಓಡಿಸಿ ನೋಡುವುದು ನಿಮ್ಮ ದಾರಿಯಲ್ಲೇ ಆಗಲಿ

ಶೋರೂಮಿನವರು ಖಾಲಿ ಗಾಡಿಯಲ್ಲಿ ಹೆದ್ದಾರಿಯ ಮೇಲೆ ಒಂದು ಸುತ್ತು ಹಾಕಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಡೆಮೊ ಗಾಡಿಯನ್ನು ಮನೆಗೆ ತರಲು ಹೇಳಿ. ಕೊಡದಿದ್ದರೆ ಅದೇ ಮಾದರಿ ಇಟ್ಟುಕೊಂಡವರಿಗೆ ಒಂದು ಬಾಡಿಗೆ ಕೊಟ್ಟು ಕರೆಸಿ. ನಿಮ್ಮದೇ ಗೊಬ್ಬರದ ಚೀಲ ಹೇರಿ, ಮಳೆ ನಿಂತ ಹೊತ್ತಿನಲ್ಲಿ, ತೋಡಿನ ಬದಿಯಿಂದ ಹತ್ತಿಸಿ. ಅರ್ಧ ಚಡವಿನಲ್ಲಿ ಬೇಕೆಂದೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಹೊರಡಿಸಿ ನೋಡಿ. ಅಲ್ಲಿಂದ ಹಿಂದೆ ಜಾರದೆ ಹೊರಟರೆ ಅಡ್ವಾನ್ಸ್ ಕೊಡುವ ಮಾತು ಆಡಬಹುದು.